ಗಾಡಿ ನೆಟ್ಟಗೆ, ಸ್ಟೇರಿಂಗ್ ಸೊಟ್ಟ: ಲೋಯರ್ ಆರ್ಮ್ ಹಾಕಿಸಿದ ಮೇಲೆ ಶುರುವಾದ ಕಾಟ

ಬೆಣ್ಣೆದೋಸೆ_ಬೈಪಾಸ್ (ದಾವಣಗೆರೆ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗಾಡಿ 2014ರ ಸ್ವಿಫ್ಟ್ ಡೀಸೆಲ್, ಓಡಿರೋದು 1,18,000 ಕಿ.ಮೀ. ತಿಂಗಳ ಹಿಂದೆ ರಾತ್ರಿ ಆನಗೋಡಿನಿಂದ ಬರುವಾಗ ಎದುರಿನ ಗಾಡಿಯ ಹೈಬೀಮ್‌ಗೆ ಕಣ್ಣು ಕೋರೈಸಿ, ಎಡಗಡೆ ಮುಂದಿನ ಚಕ್ರವನ್ನ ಗುಂಡಿಗೆ ಇಳಿಸಿಬಿಟ್ಟೆ. ತಪ್ಪು ನನ್ನದೇ. ಮರುದಿನ ಗ್ಯಾರೇಜ್‌ನಲ್ಲಿ ನೋಡಿ ಎಡಗಡೆ ಲೋಯರ್ ಆರ್ಮ್ (ಚಕ್ರವನ್ನ ಕೆಳಗಿಂದ ಹಿಡಿದಿರೋ ತೋಳು) ಬಾಗಿದೆ, ಟೈ ರಾಡ್ ಎಂಡ್ (ಸ್ಟೇರಿಂಗ್ ಕಡೆಯಿಂದ ಬಂದು ಚಕ್ರ ತಿರುಗಿಸೋ ಸರಳಿನ ತುದಿ) ಆಡ್ತಿದೆ ಅಂದರು. ಎರಡನ್ನೂ ಹೊಸದು ಹಾಕಿದರು.

ವಾಪಸ್ ತರುವಾಗಲೇ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ವಾಲಿತ್ತು. "ಅಲೈನ್‌ಮೆಂಟ್ ಮಾಡಿಸ್ರಿ, ಸರಿ ಹೋಗ್ತತಿ" ಅಂದರು. ಮಾಡಿಸಿದೆ. ಈಗ ಇನ್ನೂ ಜಾಸ್ತಿ ವಾಲಿದೆ! ಗಡಿಯಾರದ ಲೆಕ್ಕದಲ್ಲಿ ಹೇಳೋದಾದರೆ 12ಕ್ಕೆ ಇರಬೇಕಾದ ಲೋಗೋ ತಲೆ 11ರ ಹತ್ತಿರ ಹೋಗಿದೆ. ಗಾಡಿ ಮಾತ್ರ ನೆಟ್ಟಗೆ ಹೋಗ್ತದೆ, ಕೈ ಬಿಟ್ಟರೂ ಯಾವ ಕಡೆಗೂ ಎಳೆಯಲ್ಲ. ಎರಡನೇ ಸಲ ಅಲೈನ್‌ಮೆಂಟ್‌ಗೆ ಬಿಟ್ಟೆ. ಪ್ರಿಂಟ್ ತೆಗೆದು ಕೊಟ್ಟರು, ಎಲ್ಲಾ ಹಸಿರು. "ನಮ್ಮ ಕಡೆಯಿಂದ ಓಕೆ ಸರ್" ಅಂತ ಕೈ ತೊಳಕೊಂಡರು.

ಹೆಂಡತಿ ಪಕ್ಕದಲ್ಲಿ ಕೂತಾಗಲೆಲ್ಲ "ಯಾಕೆ ಯಾವಾಗಲೂ ಎಡಕ್ಕೇ ತಿರುಗಿಸ್ತಿದ್ದೀರಿ" ಅಂತ ಕೇಳ್ತಾಳೆ. ಸ್ಟೇರಿಂಗ್ ಬಿಚ್ಚಿ ನೆಟ್ಟಗೆ ಕೂರಿಸಿದರೆ ಆಗಲ್ವಾ?

ಹಳೇ800 (ಹರಿಹರ), ರಾತ್ರಿ 9:58

ಆಗ್ತದೆ. ಹಾರ್ನ್ ಪ್ಯಾಡ್ ತೆಗಿ, ನಡುವಿನ ನಟ್ ಬಿಚ್ಚು, ಸ್ಟೇರಿಂಗ್ ಚಕ್ರ ಎಳಿ, ಒಳಗಿನ ಸರಳಿನ ಹಲ್ಲಿನ ಮೇಲೆ ಎರಡು ಹಲ್ಲು ಬಲಕ್ಕೆ ಸರಿಸಿ ಕೂರಿಸು, ನಟ್ ಬಿಗಿ ಮಾಡು. ಐದು ನಿಮಿಷ. ನನ್ನ 800ಕ್ಕೆ ಮೂರು ಸಲ ಮಾಡೀನಿ.

ಹದಡಿರೋಡ್_ಟೀಚರ್ (ದಾವಣಗೆರೆ), ರಾತ್ರಿ 10:20

ಅಣ್ಣಾ, ದಯವಿಟ್ಟು ಬೇಡ. ನಿಮ್ಮ 800ರಲ್ಲಿ ಏರ್‌ಬ್ಯಾಗ್ ಇರಲಿಲ್ಲ. ನಮ್ಮ 2016ರ ಐ20ಯಲ್ಲಿ ಲೈಟಿನ ಸ್ವಿಚ್ ಬದಲಿಸೋಕೆ ಅಂತ ಒಂದು ಕಡೆ ಸ್ಟೇರಿಂಗ್ ಬಿಚ್ಚಿದ್ದರು. ಎಲ್ಲಿ ಅಂತ ಹೇಳಲ್ಲ. ಮೂರು ವಾರ ಚೆನ್ನಾಗೇ ಇತ್ತು. ಒಂದು ದಿನ ಶಾಲೆ ಅಂಗಳದಲ್ಲಿ ಪೂರ್ತಿ ಕತ್ತರಿಸಿ ತಿರುಗಿಸಿದಾಗ ಒಳಗೆ ಟಕ್ ಅಂತ ಸದ್ದಾಯಿತು. ಹಾರ್ನ್ ಸತ್ತಿತು, ಏರ್‌ಬ್ಯಾಗ್ ದೀಪ ಹತ್ತಿಕೊಂಡಿತು. ಸ್ಟೇರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಹಾರ್ನ್, ಏರ್‌ಬ್ಯಾಗಿನ ತಂತಿಯ ಒಂದು ಸುರುಳಿ ಇರ್ತದಂತೆ, ನಡುವಿಗೆ ತಂದು ಕೂರಿಸದಿದ್ದರೆ ಒಂದು ಕಡೆಗೆ ಉದ್ದ ಸಾಲದೆ ಹರಿದು ಹೋಗ್ತದಂತೆ. ಇದನ್ನ ಕಲಿಯೋಕೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರೀತದೆ.

ನಾಲ್ಕುಚಕ್ರ_ಆರುಕಣ್ಣು (ಚಿತ್ರದುರ್ಗ), ರಾತ್ರಿ 11:05

ನಾನು ಅಲೈನ್‌ಮೆಂಟ್ ಮಶೀನ್ ಮೇಲೆ ಆರು ವರ್ಷ ಕೆಲಸ ಮಾಡಿದವನು, ಈಗ ಬಿಟ್ಟಿದ್ದೀನಿ. ಹಾಗಾಗಿ ಸತ್ಯ ಹೇಳಬಹುದು.

ಟೀಚರಮ್ಮ ಹೇಳಿದ್ದು ಸರಿ. ಆ ಸುರುಳಿ ಪಟ್ಟಿ ನಡುವಿನಿಂದ ಎರಡೂ ಕಡೆಗೆ ಎರಡು ಎರಡೂವರೆ ಸುತ್ತು ಬಿಚ್ಚಿಕೊಳ್ಳೋಷ್ಟು ಮಾತ್ರ ಉದ್ದ ಇರ್ತದೆ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಯ್ತು. ಅದಕ್ಕೂ ಮುಂಚಿನ ಎಷ್ಟೋ ಗಾಡಿಗಳಲ್ಲೂ ಇದೆ. ಬ್ಯಾಟರಿ ನೆಗೆಟಿವ್ ತೆಗೆದು, ಕೆಲವು ನಿಮಿಷ ಕಾಯದೆ ಆ ಪ್ಯಾಡ್‌ಗೆ ಕೈ ಹಾಕಲೇಬಾರದು.

ಆದರೆ ಅದಕ್ಕಿಂತ ಮುಂಚಿನ ಪ್ರಶ್ನೆ ಬೇರೆ ಇದೆ. ಗುಂಡಿಗೆ ಬಿದ್ದಾಗ ಅಥವಾ ರಿಪೇರಿ ಆದಾಗ ನಿಮ್ಮ ಸ್ಟೇರಿಂಗ್ ಚಕ್ರವನ್ನ ಯಾರಾದ್ರೂ ಬಿಚ್ಚಿದ್ದರಾ? ಇಲ್ಲ ತಾನೇ? ಬಿಚ್ಚದೇ ಇರೋದು ಸೊಟ್ಟ ಆಗಿರೋಕೆ ಸಾಧ್ಯವಿಲ್ಲ. ಕೆಳಗೆ ಏನು ಬಿಚ್ಚಿದ್ರೋ ಅದು ಸೊಟ್ಟ ಆಗಿದೆ, ಮೇಲೆ ಕಾಣ್ತಾ ಇದೆ ಅಷ್ಟೆ.

ಒಂದು ಪರೀಕ್ಷೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗ್ ಲೋಗೋ ನೆಟ್ಟಗೆ ತನ್ನಿ. ಚಕ್ರಗಳು ಎತ್ತ ನೋಡ್ತಿವೆ ಅನ್ನೋದನ್ನ ಮರೆತುಬಿಡಿ. ಅಲ್ಲಿಂದ ಎಡಕ್ಕೆ ಪೂರ್ತಿ ತಿರುಗಿಸಿ, ಎಷ್ಟು ಸುತ್ತು ಎಣಿಸಿ. ಮತ್ತೆ ನೆಟ್ಟಗೆ ತಂದು ಬಲಕ್ಕೆ ಎಣಿಸಿ. ಎರಡೂ ಸಮ ಬಂದರೆ ಸ್ಟೇರಿಂಗಿಗೂ ರ‍್ಯಾಕಿಗೂ (ಸ್ಟೇರಿಂಗ್ ತಿರುಗಿದಂತೆ ಎಡಬಲ ಸರಿದು ಟೈ ರಾಡ್ ತಳ್ಳೋ ಹಲ್ಲಿನ ಸರಳು) ಇರೋ ನಂಟು ಸರಿ ಇದೆ, ತಪ್ಪು ಅದರಿಂದ ಆಚೆ. ಸಮ ಬರದಿದ್ದರೆ ಮೇಲಿನ ಸ್ಟೇರಿಂಗ್ ಚಕ್ರ ಅಥವಾ ನಡುವಿನ ಜಾಯಿಂಟ್ ಹಲ್ಲು ತಪ್ಪಿ ಕೂತಿದೆ. ರ‍್ಯಾಕ್ ಇಳಿಸಿ ಹತ್ತಿಸಿದ ಗಾಡಿಗಳಲ್ಲಿ ಎರಡನೇದು ಜಾಸ್ತಿ ನೋಡಿದ್ದೀನಿ.

ಹಳೇ800, ರಾತ್ರಿ 11:20

ಎಲ್ಲಾ ಮಶೀನು ಓದಿ ಹೇಳೋ ಮಾತು. ನಮ್ಮ ಕಾಲದಾಗ ದಾರ ಹಿಡಿದು, ಕಣ್ಣಳತಿಲೆ ಮಾಡ್ತಿದ್ದಿವಿ.

ಸೂತ್ರಧಾರಿ_ಹರಿಹರ (ಹರಿಹರ), ಸೋಮವಾರ ಬೆಳಗ್ಗೆ 6:15

ದಾರ ಹಿಡಿಯುವವನು ನಾನಿನ್ನೂ ಬದುಕಿದ್ದೇನೆ ಮಾರಾಯರೇ. ಕಿರ್ಲೋಸ್ಕರ್ ಲೇಥ್ ಮುಂದೆ ನಿಂತು ಕಲಿತ ಕೈ ಇದು. ಕಣ್ಣಳತೆಗೆ ನಾವು ಎಂದೂ ಏನನ್ನೂ ಬಿಡುತ್ತಿರಲಿಲ್ಲ. ಮೊದಲು ಅವರು ಸುತ್ತು ಎಣಿಸಿ ಬರಲಿ, ಆಮೇಲೆ ದಾರದ ಮಾತು.

ಬೆಣ್ಣೆದೋಸೆ_ಬೈಪಾಸ್, ಸೋಮವಾರ ರಾತ್ರಿ 8:30

ಎಣಿಸಿದೆ. ಲೋಗೋ ಮೇಲೆ ಬಿಳಿ ಟೇಪ್ ಅಂಟಿಸಿಕೊಂಡು ಎಣಿಸಿದೆ. ಎಡಕ್ಕೆ ಒಂದೂವರೆ ಸುತ್ತು ಮತ್ತೆ ಒಂದು ಅಂಗೈ ಅಗಲ. ಬಲಕ್ಕೂ ಒಂದೂವರೆ ಸುತ್ತು, ಒಂದು ಅಂಗೈ ಅಗಲ. ಸಮ! ಅಂದರೆ ಸ್ಟೇರಿಂಗ್ ತಪ್ಪಲ್ಲ. ಹಳೇ800 ಅಣ್ಣಾ, ಕ್ಷಮಿಸಿ.

ಇನ್ನೊಂದು ಅನುಮಾನ: ನಮ್ಮ ರಸ್ತೆಗಳೇ ಸೊಟ್ಟ ಅಲ್ವಾ? ಶಾಮನೂರು ರಸ್ತೆಯಲ್ಲಿ ಒಂದು ಥರ, ಹೈವೇನಲ್ಲಿ ಇನ್ನೊಂದು ಥರ ಅನಿಸ್ತದೆ.

ದುರ್ಗದ_ಲಾರಿ_ಚಿಕ್ಕಪ್ಪ (ಚಳ್ಳಕೆರೆ), ರಾತ್ರಿ 9:10

ರೋಡ್ ಸೊಟ್ಟ ಅಲ್ಲ ಕಣಪ್ಪ, ವಾಟ. ಮಳೆ ನೀರು ನಿಲ್ಲಬಾರದು ಅಂತ ಅಂಚಿನ ಕಡೆಗೆ ಇಳಿಜಾರು ಕೊಟ್ಟಿರ್ತಾರೆ, ಮೀಟರಿಗೆ ಎರಡು ಎರಡೂವರೆ ಸೆಂಟಿಮೀಟರು. ನಾವು ಎಡಗಡೆ ಓಡಿಸ್ತೀವಲ್ಲ, ಗಾಡಿ ತಾನಾಗೇ ಎಡಕ್ಕೆ ಜಾರ್ತೈತೆ, ನಾವು ಗೊತ್ತಿಲ್ಲದಂಗೆ ಬಲಕ್ಕೆ ಹಿಡೀತೀವಿ. ಹಂಗಾಗಿ ರೋಡಿನ ತಪ್ಪಾದ್ರೆ ನಿನ್ನ ಸ್ಟೇರಿಂಗ್ ಬಲಕ್ಕೆ ವಾಲಬೇಕಿತ್ತು. ನಿಂದು ಎಡಕ್ಕೆ ವಾಲೈತೆ. ರೋಡಿನ ಮೇಲೆ ಹಾಕಬ್ಯಾಡ.

ಅದೂ ಅಲ್ದೆ, 48ರ ಹೈವೇನಲ್ಲಿ ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ಕಡೆ ಹೋಗುವಾಗ ಒಂದ್ಸಲ, ವಾಪಸ್ ಬರುವಾಗ ಒಂದ್ಸಲ ನೋಡು. ಎರಡೂ ದಿಕ್ಕಿಗೆ ಅಷ್ಟೇ ವಾಲಿದ್ರೆ ಗಾಳಿದೂ ಅಲ್ಲ. ದುರ್ಗದ ಗುಡ್ಡಗಳ ಮೇಲೆ ಗಾಳಿಮಿಲ್ ಸುಮ್ನೆ ನೆಟ್ಟಿಲ್ಲ, ಆ ಗಾಳಿ ಖಾಲಿ ಲಾರಿನೇ ಪಕ್ಕದ ಲೈನಿಗೆ ದೂಡ್ತೈತೆ.

ಏಳುಸುತ್ತಿನ_ಹುಡುಗ (ಚಿತ್ರದುರ್ಗ), ರಾತ್ರಿ 9:25

ಮಧ್ಯೆ ಬಾಯಿ ಹಾಕ್ತೀನಿ, ಬೈಬೇಡಿ. ನನ್ನ ಸ್ಪ್ಲೆಂಡರ್ ಬಿದ್ದ ಮೇಲೆ ಹ್ಯಾಂಡಲ್ ಸೊಟ್ಟ, ಚಕ್ರ ನೆಟ್ಟಗೆ. ಇದೂ ಅದೇ ಕಾಯಿಲೆನಾ?

ದುರ್ಗದ_ಲಾರಿ_ಚಿಕ್ಕಪ್ಪ, ರಾತ್ರಿ 9:32

ನಿಂದು ಸುಲಭ. ಫೋರ್ಕ್ ಹಿಡಿಯೋ ಕ್ಲ್ಯಾಂಪಿನ ಬೋಲ್ಟು, ಆಕ್ಸಲ್ ನಟ್ಟು ಒಂಚೂರು ಸಡಿಲ ಮಾಡು. ಮುಂದಿನ ಚಕ್ರ ಎರಡು ಮೊಣಕಾಲ ನಡುವೆ ಅಮುಕಿ ಹಿಡ್ಕೊಂಡು ಹ್ಯಾಂಡಲ್ ತಿರುವಿ ನೆಟ್ಟಗೆ ಮಾಡು. ಎರಡ್ಮೂರು ಸಲ ಫೋರ್ಕ್ ಅಮುಕು, ಬಿಗಿ ಮಾಡು. ಹಂಗೂ ಆಗ್ಲಿಲ್ಲ ಅಂದ್ರೆ ಫೋರ್ಕ್ ಬಾಗೈತೆ, ತೋರಿಸು. ಬೇರೆ ಪ್ರಶ್ನೆ ಇದ್ರೆ ಬೇರೆ ಕಡೆ ಕೇಳು, ಇಲ್ಲಿ ಸ್ವಿಫ್ಟ್ ಆಪರೇಷನ್ ನಡೀತೈತೆ.

ನಾಲ್ಕುಚಕ್ರ_ಆರುಕಣ್ಣು, ರಾತ್ರಿ 10:40

ಎರಡೂ ಕಡೆ ಸುತ್ತು ಸಮ ಬಂತು, ಗಾಡಿ ಎಳೆಯಲ್ಲ, ಸ್ಟೇರಿಂಗ್ ಎಡಕ್ಕೆ. ಉಳಿದದ್ದು ಮೂರೇ.

ಮೊದಲನೇದು, ಎಡಬಲದ ಟೈ ರಾಡ್ ಉದ್ದ ಸಮ ಇಲ್ಲ. ನನ್ನ ಪ್ರಕಾರ ನೂರಕ್ಕೆ ತೊಂಬತ್ತು ಪಾಲು ಇದೇ. ಎರಡನೇದು, ರ‍್ಯಾಕ್ ಕೂತಿರೋ ಅಡಿಚೌಕಟ್ಟು ಸರಿದಿರಬಹುದು. ಬೋಲ್ಟಿನ ತೂತಲ್ಲಿ ಒಂದೆರಡು ಮಿ.ಮೀ. ಸಡಿಲ ಇರ್ತದೆ, ಕ್ಲಚ್ ಕೆಲಸಕ್ಕೆ ಇಳಿಸಿ ಹತ್ತಿಸಿದವರು ಗುರುತು ಹಾಕಿಕೊಳ್ಳದಿದ್ದರೆ ಓರೆ ಕೂರ್ತದೆ. ನಿಮಗೆ ಆ ಕೆಲಸ ಆಗಿಲ್ಲ. ಮೂರನೇದು, ಹಿಂದಿನ ಆಕ್ಸಲ್. ಅದು ಓರೆ ಆದರೆ ಬೀದಿ ನಾಯಿ ಓಡ್ತದಲ್ಲ, ಮೈ ಒಂದು ಕಡೆ ಮುಖ ಇನ್ನೊಂದು ಕಡೆ, ಹಾಗೆ ಗಾಡಿ ಓಡ್ತದೆ. ಹಿಂದಿನ ಚಕ್ರ ಎತ್ತ ತಳ್ಳುತ್ತೋ ಅದಕ್ಕೆ ಸರಿಯಾಗಿ ಮುಂದಿನದನ್ನ ಹಿಡಿಯಬೇಕಾಗ್ತದೆ, ಮುಂದೆ ಎಷ್ಟು ಸರಿ ಮಾಡಿದರೂ ಸ್ಟೇರಿಂಗ್ ವಾಲ್ತದೆ. ಆದರೆ ನಿಮ್ಮ ಪ್ರಿಂಟ್‌ನಲ್ಲಿ ಹಿಂದಿನದೂ ಹಸಿರು ಇದೆ ಅಂದ್ರಿ, ಗುಂಡಿಗೆ ಬಿದ್ದದ್ದು ಮುಂದಿನ ಚಕ್ರ. ಹಾಗಾಗಿ ಮೊದಲನೇದನ್ನೇ ಹಿಡಿಯೋಣ.

ಈಗ ಬೋನೆಟ್ ತೆಗೆದೋ, ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿಟ್ಟು ಚಕ್ರದ ಹಿಂದೆ ಟಾರ್ಚ್ ಹಾಕಿಯೋ ನೋಡಿ. ಟೈ ರಾಡ್ ಮೇಲೆ ಲಾಕ್ ನಟ್ ಇರ್ತದೆ. ಅದರ ಆಚೆ ರಾಡಿನ ಮೇಲೆ ಎಷ್ಟು ಮರೆ ಎಳೆ (ಥ್ರೆಡ್) ಕಾಣ್ತಾವೆ, ಎರಡೂ ಕಡೆ ಎಣಿಸಿ. ಫೋಟೋ ತೆಗೆದು ಎಣಿಸಿದರೆ ಕಣ್ಣಿಗೆ ಸುಲಭ.

ಬೆಣ್ಣೆದೋಸೆ_ಬೈಪಾಸ್, ಮಂಗಳವಾರ ಬೆಳಗ್ಗೆ 7:50

ಎಡಕ್ಕೆ 15. ಬಲಕ್ಕೆ 11.

ಮೂರು ಸಲ ಎಣಿಸಿದೆ. ಇನ್ನೂ ಒಂದು ಕಂಡಿತು: ಎಡಗಡೆ ಲಾಕ್ ನಟ್ಟಿನ ಮೂಲೆಗಳೆಲ್ಲ ಸವೆದು ದುಂಡಗಾಗಿವೆ, ಪೈಪ್ ಪಾನಾ ಕಚ್ಚಿದ ಗುರುತು ಇದೆ. ಬಲಗಡೆದು ನೀಟಾಗಿದೆ, ಹೊಸದಾಗಿ ಪಾನಾ ತಾಗಿದ ಹೊಳಪು ಇದೆ.

ನಾಲ್ಕುಚಕ್ರ_ಆರುಕಣ್ಣು, ಬೆಳಗ್ಗೆ 8:05

ಸಿಕ್ಕಿಬಿತ್ತು. ಸಂಜೆ ಬರೀತೀನಿ, ಈಗ ಡ್ಯೂಟಿ.

ಹದಡಿರೋಡ್_ಟೀಚರ್, ಬೆಳಗ್ಗೆ 8:30

ಧಾರಾವಾಹಿ ಆಯ್ತಲ್ಲ ಇದು. ಸ್ಟಾಫ್ ರೂಮಲ್ಲಿ ಕೂತು ಸಂಜೆವರೆಗೆ ಕಾಯಬೇಕಾ?

ಸೂತ್ರಧಾರಿ_ಹರಿಹರ, ಬೆಳಗ್ಗೆ 9:00

ಎಳೆ ಎಣಿಕೆ ಸುಳಿವು ಮಾತ್ರ, ಅದೇ ಪುರಾವೆ ಅಲ್ಲ. ಹೊಸ ಎಂಡ್ ಬೇರೆ ಕಂಪನಿಯದಾಗಿದ್ದರೆ ಅದರ ಉದ್ದವೇ ಎರಡು ಮಿ.ಮೀ. ಹೆಚ್ಚುಕಡಿಮೆ ಇರಬಹುದು. ಅಳೆಯದೆ ಪಾನಾ ಹಿಡಿಯಬೇಡಿ.

ನಾಲ್ಕುಚಕ್ರ_ಆರುಕಣ್ಣು, ಮಂಗಳವಾರ ರಾತ್ರಿ 9:15

ಏನಾಗಿದೆ ಅಂತ ನಾನು ಊಹಿಸೋದು ಇದು.

ಗ್ಯಾರೇಜಿನಲ್ಲಿ ಹಳೇ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಲಿಲ್ಲ. ಎಣಿಸಿ, ಹೊಸದನ್ನ ಅಷ್ಟೇ ಸುತ್ತು ಹತ್ತಿಸಿದ್ದರೆ ಈ ಚರ್ಚೆಯೇ ಹುಟ್ತಿರಲಿಲ್ಲ. ಎರಡು ಸುತ್ತು ಕಡಿಮೆ ಹತ್ತಿತು, ಎಡ ರಾಡ್ ಉದ್ದ ಆಯ್ತು. ನಿಮ್ಮ ಗಾಡಿಯಲ್ಲಿ ರ‍್ಯಾಕ್ ಚಕ್ರದ ಆಕ್ಸಲ್‌ಗಿಂತ ಹಿಂದೆ ಇದೆ. ಅಲ್ಲಿ ರಾಡ್ ಉದ್ದ ಆದರೆ ಚಕ್ರದ ಹಿಂಭಾಗವನ್ನ ಹೊರಕ್ಕೆ ತಳ್ತದೆ, ಮೂಗು ಒಳಕ್ಕೆ ಬರ್ತದೆ. ಎಡ ಚಕ್ರ ಬಲಕ್ಕೆ ನೋಡೋಕೆ ಶುರು ಮಾಡಿತು. ಗಾಡಿ ನೆಟ್ಟಗೆ ಹೋಗಬೇಕು ಅಂದರೆ ನೀವು ಸ್ಟೇರಿಂಗನ್ನ ಸ್ವಲ್ಪ ಎಡಕ್ಕೆ ಹಿಡೀಬೇಕಾಯ್ತು. ಮೊದಲ ದಿನದ "ಸ್ವಲ್ಪ ವಾಲಿತ್ತು" ಇದೇ.

ಆಮೇಲೆ ಅಲೈನ್‌ಮೆಂಟ್. ಮಶೀನ್ ತೋರಿಸಿತು: ಎರಡೂ ಚಕ್ರ ಸೇರಿ ಮೂಗು ಒಳಕ್ಕೆ ಜಾಸ್ತಿ ಇದೆ. ಸರಿ ಮಾಡೋಕೆ ಎಡಗಡೆ ಪಾನಾ ಹಾಕಿದ, ಮೂಲೆ ಸವೆದ ನಟ್, ಜಾರಿತು. ಹೊರಗೆ ಇನ್ನೂ ನಾಲ್ಕು ಗಾಡಿ ನಿಂತಿವೆ. ಬಲಗಡೆ ನಟ್ ಸಲೀಸಾಗಿ ಬಂತು. ಎಡಗಡೆ ತಪ್ಪನ್ನ ಬಲಗಡೆ ರಾಡ್ ಗಿಡ್ಡ ಮಾಡಿ ಸರಿದೂಗಿಸಿದ. ಈಗ ಎರಡೂ ಚಕ್ರ ಒಂದಕ್ಕೊಂದು ಸಮಾಂತರ, ಆದರೆ ಸ್ಟೇರಿಂಗ್ ನೆಟ್ಟಗೆ ಹಿಡಿದರೆ ಎರಡೂ ಜೊತೆಯಾಗಿ ಬಲಕ್ಕೆ ನೋಡ್ತವೆ. ಅದಕ್ಕೇ ವಾಲಿಕೆ ಎರಡರಷ್ಟಾಯ್ತು.

ಕಾಗದ ಯಾಕೆ ಹಸಿರು? ಪಾನಾ ಹಿಡಿಯೋ ಮುಂಚೆ ಸ್ಟೇರಿಂಗ್ ನೆಟ್ಟಗೆ ನಿಲ್ಲಿಸಿ, ಸೀಟಿಗೆ ಒತ್ತು ಕೊಟ್ಟು ಹೋಲ್ಡರ್ ಹಾಕಿ ಕಟ್ಟಬೇಕು. ಎಂಜಿನ್ ಚಾಲೂ ಇಟ್ಟು ಎಡಬಲ ಆಡಿಸಿ ನಡುವಿಗೆ ತಂದು, ಆಮೇಲೆ ಕಟ್ಟೋದು. ಕಟ್ಟದೆ ಬಿಟ್ಟರೆ ಚಕ್ರಗಳನ್ನ ನೆಟ್ಟಗೆ ನಿಲ್ಲಿಸಿ ಅಳೀತಾರೆ, ಸ್ಟೇರಿಂಗ್ ಎಲ್ಲಿಗೆ ಬೇಕಾದರೂ ತಿರುಗಿರಲಿ. ಮಶೀನ್ ನೋಡೋದು ರಿಮ್ಮಿಗೆ ಕಟ್ಟಿದ ಫಲಕವನ್ನ. ನಿಮ್ಮ ಲೋಗೋ ಅದಕ್ಕೆ ಕಾಣಲ್ಲ. ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿ ಮಾಲೀಕರ ಕೈಲಿ ಬೈಸಿಕೊಂಡಿದ್ದೀನಿ, ಆ ಹುಡುಗನನ್ನ ತೀರಾ ದೂರಲ್ಲ.

ಹಳೇ800, ರಾತ್ರಿ 9:40

ಸರಿ ಒಪ್ಪಿದೆ. ಆದರೂ ಕೇಳ್ತೀನಿ, ಎರಡು ಸುತ್ತಿನ ವ್ಯತ್ಯಾಸಕ್ಕೆ ಇಷ್ಟು ಗದ್ದಲ ಬೇಕಾ? ಮೇಲೆ ಹಲ್ಲು ಸರಿಸಿದರೆ ಗಾಡಿ ಓಡೋದಿಲ್ಲೇನು?

ನಾಲ್ಕುಚಕ್ರ_ಆರುಕಣ್ಣು, ರಾತ್ರಿ 9:55

ಓಡ್ತದೆ, ಸುಳ್ಳು ಹೇಳಲ್ಲ. ಆದರೆ ರ‍್ಯಾಕ್ ನಡುವಿನಲ್ಲಿ ಇರಲ್ಲ, ಒಂದು ಕಡೆ ಯು-ಟರ್ನ್ ಬಿಗಿ, ಇನ್ನೊಂದು ಕಡೆ ಅಗಲ. ಸ್ಟೇರಿಂಗ್ ಕೋನ ಅಳೆಯೋ ಸೆನ್ಸರ್ ಇರೋ ಗಾಡಿಯಾದರೆ ಅದು ನೆಟ್ಟಗೆ ಹೋಗೋದನ್ನೇ ತಿರುವು ಅಂದುಕೊಳ್ತದೆ, ಸ್ಕ್ಯಾನರ್ ಹಾಕಿ ಮತ್ತೆ ಸೊನ್ನೆ ಕಲಿಸಬೇಕು. ಹಲ್ಲಿನ ಲೆಕ್ಕವೂ ಒರಟು: 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ, ನಡುವೆ ನಿಲ್ಲಿಸೋಕಾಗಲ್ಲ. ಹೊಸ ಗಾಡಿಗಳಲ್ಲಿ ಒಂದು ಅಗಲದ ಹಲ್ಲು ಇಟ್ಟು ಒಂದೇ ರೀತಿ ಕೂರೋ ಹಾಗೆ ಮಾಡಿರ್ತಾರೆ. ಚಕ್ರ ಬಿಚ್ಚಿ ತಪ್ಪಾಗಿ ಕೂರಿಸಿದ್ದರೆ ಮಾತ್ರ ನಿಮ್ಮ ಮದ್ದು ಸರಿಯಾದ ಮದ್ದು ಅಣ್ಣ. ಬಹುಶಃ ನಿಮ್ಮ 800ಕ್ಕೆ ಆಗಿದ್ದೂ ಅದೇ.

ಹಳೇ800, ರಾತ್ರಿ 10:02

ಹಾಂ, ಬಿಚ್ಚಿದ್ದು ನಾನೇ. ಹಾರ್ನ್ ರಿಪೇರಿಗೆ.

ದುರ್ಗದ_ಲಾರಿ_ಚಿಕ್ಕಪ್ಪ, ರಾತ್ರಿ 10:10

ಹ್ಹ ಹ್ಹ! ಬೆಕ್ಕು ಚೀಲದಿಂದ ಹೊರಗೆ ಬಂತು ನೋಡು.

ನಮ್ಮ ಲಾರಿ ಕತೆ ಬೇರೆ, ಕೇಳಿ. ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಎರಡೂ ಚಕ್ರಕ್ಕೆ ಸೇರಿ ಒಂದೇ ಟೈ ರಾಡು, ಅದು ಟೋಗೆ ಮಾತ್ರ, ಅಂದ್ರೆ ಎರಡು ಚಕ್ರದ ಮೂಗು ಒಳಕ್ಕೆ ಹೊರಕ್ಕೆ ಎಷ್ಟು ಅನ್ನೋದಕ್ಕೆ. ಸ್ಟೇರಿಂಗ್ ಬಾಕ್ಸಿಂದ ಚಕ್ರಕ್ಕೆ ಬರೋದು ಡ್ರ್ಯಾಗ್ ಲಿಂಕು. ಸ್ಟೇರಿಂಗ್ ಸೊಟ್ಟ ಆದ್ರೆ ಟೈ ರಾಡ್ ಮುಟ್ಟೋದೇ ಬ್ಯಾಡ, ಡ್ರ್ಯಾಗ್ ಲಿಂಕ್ ಉದ್ದ ಗಿಡ್ಡ ಮಾಡಿದ್ರೆ ಸ್ಟೇರಿಂಗ್ ನೆಟ್ಟಗಾಗ್ತೈತೆ, ಟೋ ಇದ್ದಂಗೇ ಇರ್ತೈತೆ. ಕಾರಲ್ಲಿ ಎರಡೂ ಕೆಲಸ ಎರಡೇ ರಾಡಿನ ಮೇಲೆ ಹಾಕವ್ರೆ, ಅದಕ್ಕೇ ಈ ಫಜೀತಿ. ಒಂದೇ ಕಡೆ ಮುಟ್ಟಿದ್ರೆ ಎರಡೂ ಕೆಡ್ತೈತೆ.

ಸೂತ್ರಧಾರಿ_ಹರಿಹರ, ಬುಧವಾರ ಬೆಳಗ್ಗೆ 6:05

ಈಗ ದಾರ. ಸಮತಟ್ಟಾದ ಜಾಗ ಬೇಕು. ಮನೆ ಮುಂದಿನ ರಸ್ತೆ ಆಗದು, ಚಿಕ್ಕಪ್ಪ ಹೇಳಿದ ವಾಟ ಇರುತ್ತದೆ. ರೈಸ್ ಮಿಲ್ಲಿನ ಸಿಮೆಂಟ್ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನಾಲ್ಕೂ ಟೈರಿಗೆ ಗಾಳಿ ಸರಿಯಾಗಿ ಹಾಕಿಸಿ. ಕೊನೆಯ ಇಪ್ಪತ್ತು ಅಡಿ ಗಾಡಿಯನ್ನು ನೆಟ್ಟಗೆ ತಳ್ಳಿಕೊಂಡು ಬಂದು ನಿಲ್ಲಿಸಿ, ತಿರುಗಿಸಿ ನಿಲ್ಲಿಸಿದರೆ ಟೈರು ತಿರುಚಿಕೊಂಡಿರುತ್ತದೆ. ಸ್ಟೇರಿಂಗ್ ಲೋಗೋ ನೆಟ್ಟಗೆ ಮಾಡಿ ಕಟ್ಟಿ.

ಗಾಡಿಯ ಎರಡೂ ಬದಿಗೆ, ಮುಂದೊಂದು ಹಿಂದೊಂದು ಗೂಟ ನಿಲ್ಲಿಸಿ ಗಾರೆಯವರ ನೈಲಾನ್ ದಾರವನ್ನು ಚಕ್ರದ ನಡುವಿನ ಎತ್ತರಕ್ಕೆ ಬಿಗಿದು ಕಟ್ಟಿ. ಎಡ ದಾರದಿಂದ ಹಿಂದಿನ ಎಡ ಹಬ್ಬಿನ (ಚಕ್ರದ ಗುಂಬದ) ನಡುವಿಗೆ ಎಷ್ಟೋ, ಬಲ ದಾರದಿಂದ ಹಿಂದಿನ ಬಲ ಹಬ್ಬಿಗೂ ಅಷ್ಟೇ ಇರಬೇಕು. ಮುಂದಿನ ಹಬ್ಬುಗಳಿಗೂ ಎಡಬಲ ಸಮ ಇರಬೇಕು. ಮುಂದಿನ ಅಳತೆ ಹಿಂದಿನದಕ್ಕೆ ಸಮ ಇರಬೇಕಾಗಿಲ್ಲ, ಏಕೆಂದರೆ ಮುಂದಿನ ಎರಡು ಚಕ್ರದ ನಡುವಿನ ಅಂತರವೂ ಹಿಂದಿನದೂ ಎಷ್ಟೋ ಗಾಡಿಗಳಲ್ಲಿ ಬೇರೆ ಬೇರೆ. ಇಲ್ಲಿಯೇ ಹೆಚ್ಚಿನವರು ಎಡವುವುದು.

ಆಮೇಲೆ ಮುಂದಿನ ಚಕ್ರದ ರಿಮ್ಮಿನ ಮುಂಚೂಣಿ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಸ್ಟೀಲ್ ಸ್ಕೇಲ್, ಟೇಪ್ ಬೇಡ. ಕಾಗದದಲ್ಲಿ ಬರೆದುಕೊಂಡು ಇಲ್ಲಿ ಹಾಕಿ.

ಬೆಣ್ಣೆದೋಸೆ_ಬೈಪಾಸ್, ಗುರುವಾರ ರಾತ್ರಿ 8:45

ಬಾತಿ ಹತ್ತಿರ ಗೆಳೆಯನ ಮಿಲ್ ಕಣದಲ್ಲಿ ಮಾಡಿದೆವು. ದಾರ ಕಟ್ಟೋಕೆ ಒಂದೂವರೆ ಗಂಟೆ, ಅಳೆಯೋಕೆ ಹತ್ತು ನಿಮಿಷ! ಹಮಾಲರು ಸುತ್ತ ನಿಂತು "ಸಾಹೇಬ್ರು ಗಾಡಿಗೆ ಪಾಯಾ ಹಾಕ್ತಾರ" ಅಂತ ನಗ್ತಿದ್ದರು.

ಎಡ ಚಕ್ರ: ಮುಂದಿನ ಅಂಚು ಹಿಂದಿನದಕ್ಕಿಂತ ದಾರದಿಂದ 8 ಮಿ.ಮೀ. ದೂರ. ಬಲ ಚಕ್ರ: ಮುಂದಿನ ಅಂಚು 7 ಮಿ.ಮೀ. ದಾರಕ್ಕೆ ಹತ್ತಿರ. ಅಂದರೆ ನೀವು ಹೇಳಿದ ಹಾಗೇ ಎರಡೂ ಬಲಕ್ಕೆ ನೋಡ್ತಿವೆ.

ಸೂತ್ರಧಾರಿ_ಹರಿಹರ, ರಾತ್ರಿ 9:05

ಚೆನ್ನಾಗಿದೆ. 8ರಲ್ಲಿ 7 ಕಳೆದರೆ 1 ಮಿ.ಮೀ. ಮೂಗು ಒಳಕ್ಕೆ, ಆ ಒಟ್ಟು ಲೆಕ್ಕ ಸರಿಯಾಗಿಯೇ ಇದೆ. ಅದನ್ನು ಕೆಡಿಸದೆ ಎರಡನ್ನೂ ಎಡಕ್ಕೆ ತಿರುಗಿಸಬೇಕು.

ನಾಲ್ಕುಚಕ್ರ_ಆರುಕಣ್ಣು, ರಾತ್ರಿ 9:50

ಲೆಕ್ಕ ಹೀಗೆ. ರಾಡಿನ ಮರೆ ಎಳೆ 1.5 ಮಿ.ಮೀ. ಅಂತರದ್ದು ಅಂದುಕೊಳ್ಳಿ. ಚಕ್ರವನ್ನ ತಿರುಗಿಸೋ ತೋಳು ಸುಮಾರು 140 ಮಿ.ಮೀ. ರಾಡನ್ನ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಚಕ್ರ 0.6 ಡಿಗ್ರಿ ತಿರುಗ್ತದೆ. ಸ್ಟೇರಿಂಗ್ 16 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ಅನ್ನೋ ಗಾಡಿಯಲ್ಲಿ, ಎರಡೂ ಕಡೆ ಒಂದೊಂದು ಸುತ್ತು ಉಲ್ಟಾ ಕೊಟ್ಟರೆ ಸ್ಟೇರಿಂಗ್ ಸುಮಾರು 10 ಡಿಗ್ರಿ ಸರೀತದೆ. ನಿಮ್ಮದು 20 ಡಿಗ್ರಿ ಅಂದಾಜು. ಎರಡೆರಡು ಸುತ್ತು. 15 ಮತ್ತು 11 ಎಳೆ ಇದ್ದದ್ದು 13, 13 ಆಗ್ತದೆ. ಎಳೆ ಲೆಕ್ಕ, ದಾರದ ಲೆಕ್ಕ, ಸ್ಟೇರಿಂಗ್ ಲೆಕ್ಕ ಮೂರೂ ಒಂದೇ ಕಡೆ ಬಂದು ಕೂಡ್ತಿವೆ.

ಯಾವುದನ್ನ ಯಾವ ಕಡೆ? ರ‍್ಯಾಕ್ ಆಕ್ಸಲ್ ಹಿಂದೆ ಇರೋ ಗಾಡಿಗೆ: ಸ್ಟೇರಿಂಗ್ ಯಾವ ಕಡೆ ವಾಲಿದೆಯೋ ಆ ಕಡೆ ರಾಡ್ ಗಿಡ್ಡ, ಇನ್ನೊಂದು ಕಡೆದು ಉದ್ದ. ರ‍್ಯಾಕ್ ಮುಂದೆ ಇದ್ದರೆ ಪೂರ್ತಿ ಉಲ್ಟಾ. ನಿಮಗೆ ಎಡ ಗಿಡ್ಡ, ಬಲ ಉದ್ದ.

ಕೈ ಹಾಕೋ ಮುಂಚೆ ಇವನ್ನ ಮರೀಬೇಡಿ. ಎಡಗಡೆ ಲಾಕ್ ನಟ್ ಹೊಸದು ತಂದಿಟ್ಟುಕೊಳ್ಳಿ, ಹಳೇದಕ್ಕೆ ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಹೊಡೆಯಿರಿ. ಹೊಸ ನಟ್ ಹಾಕೋಕೆ ಎಂಡನ್ನ ಪೂರ್ತಿ ಬಿಚ್ಚಬೇಕು, ಈ ಸಲವಾದ್ರೂ ಸುತ್ತು ಎಣಿಸಿ! ರ‍್ಯಾಕಿನ ರಬ್ಬರ್ ಬೂಟಿನ ಸಣ್ಣ ಕ್ಲಿಪ್ ಸಡಿಲ ಮಾಡದೆ ರಾಡ್ ತಿರುಗಿಸಿದರೆ ಬೂಟ್ ಟವೆಲ್ ಹಿಂಡಿದ ಹಾಗೆ ಸುತ್ತಿಕೊಂಡು ಹರೀತದೆ, ಒಳಗೆ ಧೂಳು ಹೋದರೆ ರ‍್ಯಾಕೇ ಹೋಯ್ತು. ಬರೀ ಜಾಕ್ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ಹೋಗಬೇಡಿ. ಗಾಡಿ ಎತ್ತಿದಾಗ ಅಳತೆ ಹಿಡೀಬೇಡಿ, ಇಳಿಸಿ ನಾಲ್ಕು ಮಾರು ಮುಂದೆ ಹಿಂದೆ ಉರುಳಿಸಿ ಆಮೇಲೆ ಅಳೆಯಿರಿ.

ಹದಡಿರೋಡ್_ಟೀಚರ್, ರಾತ್ರಿ 10:15

ಇದನ್ನ ಮನೆಯಲ್ಲೇ ಮಾಡ್ಬೇಕಾ? ಈ ಲೆಕ್ಕ ತಗೊಂಡು ಅಲೈನ್‌ಮೆಂಟಿನವರ ಹತ್ರ ಹೋಗಿ "ಸ್ಟೇರಿಂಗ್ ನೆಟ್ಟಗೆ ಕಟ್ಟಿ, ಎರಡೂ ಕಡೆ ಸರಿ ಮಾಡಿ" ಅಂದರೆ ಸಾಲದಾ?

ನಾಲ್ಕುಚಕ್ರ_ಆರುಕಣ್ಣು, ರಾತ್ರಿ 10:22

ಸಾಕು, ಅದೇ ಒಳ್ಳೇದು. ಆದರೆ ನಟ್ ಬದಲಿಸಿಕೊಂಡೇ ಹೋಗಿ. ಆ ಸವೆದ ನಟ್ ಕಂಡರೆ ಮತ್ತೆ ಬಲಗಡೆಗೇ ಕೈ ಹಾಕ್ತಾರೆ. ಹೇಳೋ ಮಾತೂ ಮುಖ್ಯ. "ಅಲೈನ್‌ಮೆಂಟ್ ಮಾಡಿ" ಅಂದರೆ ಟೋ ಮಾಡ್ತಾರೆ. "ಗಾಡಿ ಎಳೆಯಲ್ಲ, ಸ್ಟೇರಿಂಗ್ ಸೆಂಟರ್ ಇಲ್ಲ" ಅನ್ನಿ. ಜೊತೆಗೆ ಅವರ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಿ.ಮೀ. ಓಡಿಸಿ ತೋರಿಸಿ.

ಬೆಣ್ಣೆದೋಸೆ_ಬೈಪಾಸ್, ಭಾನುವಾರ ಮಧ್ಯಾಹ್ನ 2:20

ಆಯ್ತು!

ನಟ್ ಕೆಲಸ ಮಿಲ್ಲಿನ ಫಿಟ್ಟರ್ ಮಾಡಿಕೊಟ್ಟರು. ಹಳೇದು ಬರಲೇ ಇಲ್ಲ, ಕೊನೆಗೆ ಉಳಿಯಲ್ಲಿ ಸೀಳಬೇಕಾಯ್ತು. ಎಂಡನ್ನ ಎಣಿಸಿ ಬಿಚ್ಚಿ, ಎಣಿಸಿ ಹತ್ತಿಸಿ, ಎರಡು ಸುತ್ತು ಹೆಚ್ಚು ಕೊಟ್ಟೆವು. ಬಲಗಡೆ ಎರಡು ಸುತ್ತು ಸಡಿಲ. ಆಮೇಲೆ ಬೇರೆ ಅಲೈನ್‌ಮೆಂಟ್ ಅಂಗಡಿಗೆ ಹೋಗಿ, ಟೀಚರಮ್ಮ ಹೇಳಿದ ಹಾಗೆ ಬಾಯಿಪಾಠ ಒಪ್ಪಿಸಿದೆ. ಅಲ್ಲಿಯವರು ಮೊದಲು ಹೋಲ್ಡರ್ ಹಾಕಿದರು, ನೋಡಿಯೇ ಸಮಾಧಾನ ಆಯ್ತು. ಇನ್ನು ಬಲಕ್ಕೆ ಕಾಲು ಸುತ್ತು ಮಾತ್ರ ಬೇಕಾಯ್ತು. 500 ರೂಪಾಯಿ.

ಈಗ ಲೋಗೋ 12ಕ್ಕೆ. ಹೆಂಡತಿ ಪಕ್ಕದಲ್ಲಿ ಕೂತು "ಈಗ ಸರಿಯಾಗಿ ಓಡಿಸೋದು ಕಲಿತ್ರಿ" ಅಂದಳು.

ಒಂದೇ ಅನುಮಾನ: ಎಡ ಟೈರಿನ ಹೊರ ಅಂಚಿನ ಮೇಲೆ ಅಂಗೈ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಚುಚ್ಚತದೆ.

ನಾಲ್ಕುಚಕ್ರ_ಆರುಕಣ್ಣು, ಮಧ್ಯಾಹ್ನ 3:00

ಗ್ಯಾರೇಜಿಂದ ಮೊದಲ ಅಲೈನ್‌ಮೆಂಟ್‌ವರೆಗೆ ಓಡಿಸಿದಿರಲ್ಲ, ಆಗ ಮೂಗು ಒಳಕ್ಕಿದ್ದು ಟೈರು ಉಜ್ಜಿದ ಗುರುತು ಅದು. ಎಷ್ಟು ದಿನ ಓಡಿಸಿದ್ರಿ?

ಬೆಣ್ಣೆದೋಸೆ_ಬೈಪಾಸ್, ಮಧ್ಯಾಹ್ನ 3:04

ಹನ್ನೊಂದು ದಿನ. ನಡುವೆ ಒಂದು ಸಲ ಬೆಂಗಳೂರು.

ನಾಲ್ಕುಚಕ್ರ_ಆರುಕಣ್ಣು, ಮಧ್ಯಾಹ್ನ 3:06

ಬೆಂಗಳೂರಿಗೆ ಹೋಗಿ ಬಂದ್ರಾ! ಹೊಸದಾಗಿ ಏನೂ ಉಜ್ಜದಿದ್ದರೆ ಆ ಚುಚ್ಚು ಮೆಲ್ಲಗೆ ಕಡಿಮೆ ಆಗ್ತದೆ. ಎರಡು ಸಾವಿರ ಕಿ.ಮೀ. ಬಿಟ್ಟು ಮತ್ತೆ ಅಂಗೈ ಆಡಿಸಿ ನೋಡಿ.

ದುರ್ಗದ_ಲಾರಿ_ಚಿಕ್ಕಪ್ಪ, ಸಂಜೆ 6:30

ಎರಡೂ ಲಾಕ್ ನಟ್ ಮೇಲಿಂದ ರಾಡಿನ ಮೇಲಕ್ಕೆ ಒಂದು ಬಿಳಿ ಪೇಂಟ್ ಗೆರೆ ಎಳ್ದಿದೀಯಾ? ನಟ್ ಸಡಿಲ ಆದ್ರೆ ಗೆರೆ ಮುರೀತೈತೆ, ಬಗ್ಗಿ ನೋಡಿದ್ರೆ ಸಾಕು ಗೊತ್ತಾಗ್ತೈತೆ.

ಬೆಣ್ಣೆದೋಸೆ_ಬೈಪಾಸ್, ಸಂಜೆ 7:10

ಇಲ್ಲ ಚಿಕ್ಕಪ್ಪ. ಮಗಳ ಉಗುರುಬಣ್ಣ ಇದೆ, ಆಗ್ತದಾ?

ದುರ್ಗದ_ಲಾರಿ_ಚಿಕ್ಕಪ್ಪ, ಸಂಜೆ 7:12

ಆಗ್ತೈತೆ. ಕೆಂಪಾದ್ರೆ ಇನ್ನೂ ಚೆಂದ ಕಾಣ್ತೈತೆ.

ಬೆಣ್ಣೆದೋಸೆ_ಬೈಪಾಸ್, ಮುಂದಿನ ಶನಿವಾರ ರಾತ್ರಿ 9:00

ಇವತ್ತು ದುರ್ಗಕ್ಕೆ ಹೋಗಿ ಬಂದೆ, ಹೋಗುವಾಗಲೂ ಬರುವಾಗಲೂ ಲೋಗೋ ನೆಟ್ಟಗೇ ಇತ್ತು. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ, ಎರಡೂ ಕಡೆ ಕೆಂಪು ಗೆರೆ ಕೂಡಿಕೊಂಡೇ ಇದೆ. ಮಗಳಿಗೆ ಹೊಸ ಬಾಟಲಿ ತಂದುಕೊಡಬೇಕಂತೆ.